ಲಿಚಿಯ ನಾಡು ಮುಜಫ್ಫರಪುರ

ಪಾಟ್ನಾದಲ್ಲಿ ಗಂಗಾನದಿಯನ್ನು ದಾಟಿ, ಹಾಜಿಪುರದ ಬಾಳೆಯ ತೋಟಗಳನ್ನು ಹಿಂದಿಕ್ಕಿ, ಉತ್ತರಕ್ಕೆ ಸಾಗಿದರೆ ಬಿಹಾರದ ಮುಜಫ್ಫರಪುರ ದೊರೆಯುತ್ತದೆ. ಬೂಢಿ ಗಂಡಕ್ ನದಿಯ ದಡದ ಈ ಸೀಮೆ ಲಿಚಿ ಹಣ್ಣಿನ ತವರೆನಿಸಿದೆ. ಈ ವೃಕ್ಷದ ಮೂಲ ದಕ್ಷಿಣ ಚೀನಾ ಆದರೂ ಇಲ್ಲಿನ ‘ಶಾಹಿ’ ತಳಿಯ ಕೀರ್ತಿ ದೇಶವ್ಯಾಪಿಯಾದುದು. 2018ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಲಭಿಸಿತು. 2001ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಲಿಚಿ ಸಂಶೋಧನಾ ಕೇಂದ್ರವೂ ಇಲ್ಲಿಯೇ ಇದೆ.

ಲಿಚಿ ಬೇಸಾಯವು ತಾಳ್ಮೆಯ ಕಾಯಕ. ಬೀಜದ ಸಸಿ ಫಲ ಕೊಡಲು ಬಹುಕಾಲ ಬೇಕಾಗುವುದರಿಂದ ಮಳೆಗಾಲದಲ್ಲಿ ಗೂಟಿ ಕಟ್ಟಿ ಸಸಿ ಮಾಡುತ್ತಾರೆ. ರೆಂಬೆಯ ತೊಗಟೆಯನ್ನು ಉಂಗುರದಂತೆ ತೆಗೆದು, ತೇವದ ಪಾಚಿಯನ್ನಿಟ್ಟು ಪ್ಲಾಸ್ಟಿಕ್ ಹಾಳೆಯಿಂದ ಬಿಗಿದರೆ ಅಲ್ಲಿ ಬೇರೊಡೆಯುತ್ತದೆ. ಸಸಿಯನ್ನು ನೆಡುವ ಗುಂಡಿಗೆ ಹಳೆಯ ಲಿಚಿ ಮರದ ಬುಡದ ಮಣ್ಣನ್ನು ಬೆರೆಸುವುದು ವಾಡಿಕೆ. ಬೇರಿಗೆ ಪೋಷಣೆ ಒದಗಿಸುವ ಸೂಕ್ಷ್ಮ ಶಿಲೀಂಧ್ರ ಆ ಮಣ್ಣಿನಲ್ಲಿರುತ್ತದೆ. ಹಿರಿಯ ಮರದ ಆಸರೆಯಿಂದಲೇ ಎಳೆಯ ಸಸಿ ನೆಲೆಯೂರುತ್ತದೆ.

ಐದಾರು ವರ್ಷಗಳ ತರುವಾಯ ಫಲ ಆರಂಭ. ವಸಂತದಲ್ಲಿ ಹೂ ಬಿಟ್ಟಾಗ ಜೇನುನೊಣಗಳ ನೆರವು ಬೇಕು. ಕಾಯಿ ಬಲಿಯುವಾಗ ಬಿಸಿಗಾಳಿ ಬೀಸಿದರೆ ಸಿಪ್ಪೆ ಬಿರಿಯುವುದರಿಂದ ತೇವ ಆರದಂತೆ ನೀರುಣಿಸಬೇಕು. ಮೇ ತಿಂಗಳಲ್ಲಿ ಮರಗಳು ಕೆಂಪು ಗೊಂಚಲುಗಳಿಂದ ಬಾಗುತ್ತವೆ. ಕೊಯ್ದ ಹಣ್ಣು ಮತ್ತೆ ಮಾಗದು. ಎರಡು ಮೂರು ದಿನಗಳಲ್ಲಿ ಸಿಪ್ಪೆ ಕಂದುತ್ತದೆ. ಆದ್ದರಿಂದ ಬೆಳೆಗಾರನಿಗೆ ಆ ದಿನಗಳಲ್ಲಿ ವಿಶ್ರಾಂತಿಯಿಲ್ಲ. ನಮ್ಮ ಕೊಡಗಿನಲ್ಲಿಯೂ ಲಿಚಿ ಬೆಳೆಯುತ್ತಿದ್ದು, ಅಲ್ಲಿ ಹಣ್ಣು ಚಳಿಗಾಲದಲ್ಲಿ ಮಾಗುವುದು ವಿಶೇಷ.

ಈ ಸವಿಯ ನಾಡಿಗೆ ಒಂದು ನೋವೂ ಇದೆ. ಹಣ್ಣಿನ ಕಾಲದಲ್ಲಿ ಇಲ್ಲಿನ ಬಡ ಮಕ್ಕಳು ಹಠಾತ್ತನೆ ಮೂರ್ಛೆಗೊಂಡು ಸಾಯುತ್ತಿದ್ದರು. 2014ರ ಪ್ರಕರಣಗಳ ಅಧ್ಯಯನವು 2017ರಲ್ಲಿ ಪ್ರಕಟವಾಯಿತು. ರಾತ್ರಿಯ ಊಟವಿಲ್ಲದ ಮಕ್ಕಳು ಲಿಚಿ ತಿಂದಾಗ ಹಣ್ಣಿನಲ್ಲಿರುವ ಕೆಲವು ಅಂಶಗಳಿಂದ ರಕ್ತದ ಸಕ್ಕರೆ ಅಪಾಯಕರವಾಗಿ ಕುಸಿಯಬಹುದೆಂದು ಅದು ತೋರಿಸಿತು. ಎಳೆಯರು ಲಿಚಿಯನ್ನು ಮಿತವಾಗಿ ತಿನ್ನಬೇಕು, ರಾತ್ರಿಯ ಊಟ ತಪ್ಪಿಸಬಾರದು ಎಂಬುದೇ ಸಂಶೋಧಕರ ಸಲಹೆಯಾಗಿತ್ತು. ಆದರೂ 2019ರಲ್ಲಿ ಇಂತಹುದೇ ಬೇನೆ ಮರುಕಳಿಸಿ ನೂರಕ್ಕೂ ಹೆಚ್ಚು ಮಕ್ಕಳು ಅಸುನೀಗಿದರು.

ಮರಕ್ಕೆ ವೇಳೆವೇಳೆಗೆ ನೀರುಣಿಸುವ ನಾಡಿನಲ್ಲಿ ಮಗುವೊಂದು ಹಸಿದು ಮಲಗಬಾರದು. ದಾಸೋಹವನ್ನು ಧರ್ಮವೆಂದು ನಂಬಿದ ನಮಗೆ ಮುಜಫ್ಫರಪುರ ಹೇಳುವ ಮಾತು ಇದೇ: ಹಣ್ಣಿನ ಸವಿಗಿಂತ ಮುಂಚೆ ತುತ್ತು ಅನ್ನ.