ಎರವಲು ಹೋದ ಪುಸ್ತಕ

ಊರಿನಲ್ಲಿದ್ದಾಗ ನಾವು ನೆರೆಮನೆಗೆ ಎರವಲು ಕೊಡುತ್ತಿದ್ದುದು ಚಕ್ಕುಲಿ ಒತ್ತುವ ಒರಳು, ಹೆಚ್ಚೆಂದರೆ ಏಣಿ. ಮುಂಬಯಿಗೆ ಬಂದ ಮೇಲೆ ಆ ಸ್ಥಾನ ಕನ್ನಡ ಪುಸ್ತಕಕ್ಕೆ ಸಂದಿತು. ಕಳೆದುಹೋದ ಪ್ರತಿಯನ್ನು ಇಲ್ಲಿ ಮರುದಿನವೇ ಅಂಗಡಿಯಿಂದ ತರುವುದು ಸುಲಭವಲ್ಲ. ಬೆಂಗಳೂರಿಗೆ ಹೋಗಿಬರುವವರನ್ನೋ ಅಂಚೆಯನ್ನೋ ಕಾಯಬೇಕು.

ಆದ್ದರಿಂದ ಕೆಲವು ಮರ್ಯಾದೆಗಳು ತಾವಾಗಿಯೇ ರೂಢಿಯಾದವು. ಮಳೆಗಾಲದಲ್ಲಿ ಲೋಕಲ್ ರೈಲಿನಲ್ಲಿ ಒಯ್ಯುವ ಪುಸ್ತಕಕ್ಕೆ ಪ್ಲಾಸ್ಟಿಕ್ ಹೊದಿಕೆ ಬೇಕು. ಮೂರನೆಯವರಿಗೆ ದಾಟಿಸಕೂಡದು. ಇನ್ನು ಕೊಟ್ಟವರಿಗೂ ಒಂದು ಕಟ್ಟಳೆಯುಂಟು: ಮಾಟುಂಗದ ಮೈಸೂರು ಅಸೋಸಿಯೇಷನ್ನಿನ ಸಭೆಗೆ ಬಂದವರನ್ನು ನಾಲ್ವರೆದುರು “ನಮ್ಮ ಪುಸ್ತಕವೇನಾಯಿತು?” ಎಂದು ಕೇಳುವುದು ಶೋಭಿಸದು.

ಯಶವಂತ ಚಿತ್ತಾಲರ ‘ಶಿಕಾರಿ’ ಈ ನಗರದ್ದೇ ಕಾದಂಬರಿ. ನಮ್ಮಲ್ಲಿದ್ದುದು 1979ರ ಮೊದಲ ಮುದ್ರಣ. ಅಂಚುಗಳ ತುಂಬ ತಂದೆಯವರು ಪೆನ್ಸಿಲಿನಲ್ಲಿ ಬರೆದ ಟಿಪ್ಪಣಿಗಳು. ಅದನ್ನು ಒಯ್ದ ಡೊಂಬಿವಲಿಯ ಗೆಳೆಯರೊಬ್ಬರು ಎರಡು ವರ್ಷಗಳ ಬಳಿಕ, ಬಹು ಸಂಕೋಚದಿಂದ, ಹೊಸ ಮುದ್ರಣವನ್ನು ತಂದುಕೊಟ್ಟರು. ಲೆಕ್ಕದ ಪ್ರಕಾರ ಸಾಲ ತೀರಿತು. ಟಿಪ್ಪಣಿಗಳ ಮಾತನ್ನು ನಾವು ಎತ್ತಲಿಲ್ಲ. ಚಹಾ ಕೊಟ್ಟು ಬೀಳ್ಕೊಟ್ಟೆವು. ಆ ಪ್ರತಿಯನ್ನು ಇನ್ನೂ ತೆರೆದಿಲ್ಲ. ಮೊನ್ನೆ ಅವರು ಮತ್ತೊಂದು ಪುಸ್ತಕ ಕೇಳಿದರು. ಕೊಟ್ಟೆವು, ತಂದೆಯವರ ಕೈಬರಹವಿಲ್ಲದ ಒಂದನ್ನು ಆರಿಸಿ.