ಬೇನೆಯೂ ಬೇಜಾರವೂ

ನಮ್ಮ ಕಡೆಯ ಮುದುಕಿಯರನ್ನು ‘ಹೇಗಿದ್ದೀರಿ?’ ಎಂದು ಕೇಳಿ ನೋಡಬೇಕು. ‘ಇದ್ದೇನೆ ಮಗಾ’ ಎಂಬ ಎರಡೇ ಮಾತಿನಲ್ಲಿ ಸೊಂಟ, ಮೊಣಕಾಲು, ನಿದ್ರೆಯಿಲ್ಲದ ರಾತ್ರಿ ಎಲ್ಲವನ್ನೂ ಮುಗಿಸಿಬಿಡುತ್ತಾರೆ. ತುಳುವಿನಲ್ಲಿ ಮೈಗಾದರೆ ಬೇನೆ, ಮನಸ್ಸಿಗಾದರೆ ಬೇಜಾರ. ಮೊದಲನೆಯದಕ್ಕೆ ಜನ ಎಣ್ಣೆ ತಿಕ್ಕುತ್ತಾರೆ. ಎರಡನೆಯದನ್ನು ಪ್ರಾಯದ ಲೆಕ್ಕಕ್ಕೆ ಬರೆದು ಸುಮ್ಮನಾಗುತ್ತಾರೆ.

ಕಾರ್ಕಳದ ನನ್ನ ಅಜ್ಜಿ ನಲವತ್ತು ವರ್ಷ ಬೀಡಿ ಕಟ್ಟಿದವಳು. ಮಡಿಲಲ್ಲಿ ತಡ್ಪೆ, ಬಗ್ಗಿದ ಕತ್ತು; ಎಲೆ ಕತ್ತರಿಸಿ, ಹೊಗೆಸೊಪ್ಪು ತುಂಬಿ, ಸುರುಳಿ ಸುತ್ತಿ, ನೂಲು ಬಿಗಿಯುವುದು. ಮಜೂರಿ ಸಾವಿರ ಬೀಡಿಯ ಲೆಕ್ಕದಲ್ಲಿ. ಸಾವಿರವಾಗುವ ತನಕ ಬೆನ್ನು ನೆಟ್ಟಗಾಗುವಂತಿಲ್ಲ. ಊರಿನ ಗುಡ್ಡದ ಮೇಲೆ ಗೋಮಟೇಶ್ವರನು 1432ರಿಂದಲೂ ನೆಟ್ಟಗೆ ನಿಂತಿದ್ದಾನೆ, ನಿಜ. ಆದರೆ ಅವನು ಕಲ್ಲು! ಕಾಪುವಿನಲ್ಲಿ ಮೀನಿನ ಬುಟ್ಟಿ ಹೊತ್ತು ಮನೆಮನೆ ತಿರುಗಿದ ಹೆಂಗಸರ ಕತೆಯೂ ಇದೇ. ಅವರ ನೋವು ಕುತ್ತಿಗೆಯಿಂದ ಆರಂಭ, ಅಷ್ಟೆ.

ಮಣಿಪಾಲದಲ್ಲಿ ವೈದ್ಯಕೀಯ ಕಾಲೇಜು ಆರಂಭವಾದದ್ದು 1953ರಲ್ಲಿ. ಆದರೂ ‘ಸಾಯುವ ಕಾಯಿಲೆಗೆ ಮಣಿಪಾಲ, ಇದಕ್ಕೆಲ್ಲ ಯಾಕೆ?’ ಎಂಬುದು ಅಜ್ಜಿಯ ವಾದ. ಹೇಗೋ ಒಪ್ಪಿಸಿ ಕಳೆದ ವರ್ಷ ಒಬ್ಬ ವೈದ್ಯೆಯ ಬಳಿ ಕರೆದೊಯ್ದೆವು. ಆಕೆ ಮೊಣಕಾಲನ್ನು ಒತ್ತಿ ನೋಡಿದ ಮೇಲೆ, ‘ಅಮ್ಮಾ, ದಿನಾ ಯಾರೊಡನೆ ಮಾತಾಡುತ್ತೀರಿ?’ ಎಂದು ಕೇಳಿದರು. ಅಜ್ಜಿ ತುಂಬ ಹೊತ್ತು ಸೆರಗಿನ ತುದಿಯನ್ನೇ ನೋಡುತ್ತಿದ್ದಳು. ಶನಿವಾರದ ಭಜನೆಗೆ ಹೋಗುವುದನ್ನು ಬಿಟ್ಟು ಎರಡು ವರ್ಷವಾಯಿತಂತೆ. ನೆಲದ ಮೇಲೆ ಕೂತರೆ ಏಳಲಾಗದು. ಕುರ್ಚಿ ಕೇಳಲು ನಾಚಿಕೆ. ಒಂದೇ ಮನೆಯಲ್ಲಿದ್ದ ನಮಗೆ ಇದನ್ನು ಹೇಳಿರಲಿಲ್ಲ.

ವೈದ್ಯೆ ತಾಳ್ಮೆಯಿಂದ ವಿವರಿಸಿದರು. ಮೂರು ತಿಂಗಳು ಮೀರಿದ ನೋವನ್ನು ದೀರ್ಘಕಾಲದ ನೋವೆಂದು ಎಣಿಸುತ್ತಾರೆ. ಆಗ ನರಮಂಡಲವೇ ಸೂಕ್ಷ್ಮವಾಗಿ, ಸಣ್ಣ ನೋವನ್ನೂ ದೊಡ್ಡದಾಗಿ ಸಾರುವುದುಂಟು. ನೋವಿನಿಂದ ನಿದ್ರೆ ಕೆಡುತ್ತದೆ, ನಿದ್ರೆಗೆಟ್ಟರೆ ಮನಸ್ಸು ಕುಗ್ಗುತ್ತದೆ, ಕುಗ್ಗಿದ ಮನಸ್ಸಿಗೆ ನೋವು ಇಮ್ಮಡಿ. ನೋವೆಂಬುದು ಇಂದ್ರಿಯದ ಅನುಭವ ಮಾತ್ರವಲ್ಲ, ಭಾವನೆಯದೂ ಹೌದೆಂದು ಅಂತರರಾಷ್ಟ್ರೀಯ ನೋವು ಅಧ್ಯಯನ ಸಂಘವು 1979ರಲ್ಲೇ ಹೇಳಿದೆ. ಅಜ್ಜಿಗೆ ಅದು ಮೊದಲೇ ಗೊತ್ತಿತ್ತು. ಪ್ರಾಯದವರು ನೋವಿನ ಗುಳಿಗೆಯನ್ನು ದಿನವೂ ನುಂಗಿದರೆ ಹೊಟ್ಟೆಗೂ ಮೂತ್ರಪಿಂಡಕ್ಕೂ ಕೇಡೆಂದು ಎಚ್ಚರಿಸಿ, ತೊಡೆಯ ಬಲಕ್ಕೆ ವ್ಯಾಯಾಮ ಕಲಿಸಿದರು. ಚೀಟಿಯ ಕೊನೆಗೆ ‘ಭಜನೆ, ಕುರ್ಚಿಯಲ್ಲಿ’ ಎಂದು ಕನ್ನಡದಲ್ಲೇ ಬರೆದರು.

ಮೊಣಕಾಲು ಈಗಲೂ ನೋಯುತ್ತದೆ; ಮಳೆ ಹಿಡಿದರಂತೂ ಕೇಳುವುದೇ ಬೇಡ. ಆದರೆ ಶನಿವಾರ ನಾಲ್ಕು ಗಂಟೆಗೇ ಸೀರೆ ಬದಲಾಯಿಸಿ ಜಗಲಿಯಲ್ಲಿ ಕಾಯುತ್ತಾಳೆ. ಮೊದಲ ವಾರ ಗೋಡೆಯ ಪಕ್ಕ ಒಂದೇ ಕುರ್ಚಿಯಿತ್ತು. ಈಗ ಆರು ಇವೆ; ತಡವಾಗಿ ಹೋದರೆ ಸಿಗುವುದಿಲ್ಲವೆಂದು ಅಜ್ಜಿಯ ದೂರು.