ಹಿಪ್ಪಿ ಅಂದ್ರೆ ಏನಪ್ಪಾ?

ನಲವತ್ತು ದಾಟಿದ ಗೃಹಸ್ಥನಿಗೆ ಕೂದಲಿನ ವಿಷಯದಲ್ಲಿ ಎರಡು ಚಿಂತೆಗಳು: ತನ್ನ ತಲೆಯಿಂದ ಉದುರುತ್ತಿರುವುದು ಒಂದು, ಮಗನ ತಲೆಯಲ್ಲಿ ಬೆಳೆಯುತ್ತಿರುವುದು ಇನ್ನೊಂದು. ಮೊದಲನೆಯದಕ್ಕೆ ಔಷಧವಿಲ್ಲವೆಂದು ನಾನು ಎಂದೋ ಒಪ್ಪಿಕೊಂಡಿದ್ದೇನೆ. ಎರಡನೆಯದಕ್ಕೆ ಗದರಿಕೆಯೇ ಔಷಧವೆಂದು ಕಳೆದ ದಸರಾ ರಜೆಯವರೆಗೂ ನಂಬಿದ್ದೆ.

ರಜೆಗೆಂದು ಲಕ್ಕವಳ್ಳಿಯ ಹಳೆಯ ಮನೆಗೆ ಹೋಗಿದ್ದೆವು. ಪಿ.ಯು.ಸಿ. ಎರಡನೆಯ ವರ್ಷದ ಮಗರಾಯ ಹೆಗಲು ಮುಟ್ಟುವ ಕೂದಲನ್ನು ಹಿಂದಕ್ಕೆ ಕಟ್ಟಿಕೊಂಡು ಜಗಲಿಗೆ ಬಂದ. "ಏನೋ ಇದು ಹಿಪ್ಪಿ ವೇಷ?" ಎಂದು ಗದರಿದೆ. ಅವನು ಹೆದರಲಿಲ್ಲ, ಸಿಟ್ಟಾಗಲೂ ಇಲ್ಲ. ನಿಜವಾದ ಜಿಜ್ಞಾಸೆಯಿಂದಲೇ, "ಹಿಪ್ಪಿ ಅಂದ್ರೆ ಏನಪ್ಪಾ?" ಎಂದು ಕೇಳಿದ. ಬೈಗುಳಕ್ಕೆ ಟಿಪ್ಪಣಿ ಬರೆಯಬೇಕಾಗಿ ಬಂದಾಗ ಬೈಗುಳದ ಕಾವು ಆರಿಹೋಗುತ್ತದೆ.

ನನಗೆ ತಿಳಿದಷ್ಟು ಹೇಳಿದೆ. 1967ರ ಸುಮಾರಿಗೆ ಅಮೆರಿಕದ ಸಾನ್ ಫ್ರಾನ್ಸಿಸ್ಕೋದಲ್ಲಿ ಸಾವಿರಾರು ತರುಣರು ವಿಯೆಟ್ನಾಂ ಯುದ್ಧವೂ ಬೇಡ, ಅಪ್ಪಂದಿರ ಸಂಪಾದನೆಯ ಬದುಕೂ ಬೇಡವೆಂದು ಕೂಡಿದರು. ಅಂಥವರಲ್ಲಿ ಹಲವರು ಶಾಂತಿಯನ್ನೂ ಗಾಂಜಾವನ್ನೂ ಹುಡುಕುತ್ತ ನಮ್ಮ ದೇಶವನ್ನು ಹಾದು ಕಠ್ಮಂಡುವಿಗೆ ಹೋದರು. ನೇಪಾಳ ಸರಕಾರ 1973ರಲ್ಲಿ ಗಾಂಜಾ ಮಾರಾಟವನ್ನು ನಿಷೇಧಿಸಿತು, ಎಂದೆಲ್ಲ. ಹೇಳುತ್ತ ಹೇಳುತ್ತ ಒಂದು ಸಂಗತಿ ಹೊಳೆಯಿತು. ನಾನು ಹಿಪ್ಪಿಗಳನ್ನು ಕಂಡದ್ದು ಸಿನಿಮಾದಲ್ಲಿ ಮಾತ್ರ. ಅದೂ ಅವರನ್ನು ಅಣಕಿಸಲೆಂದೋ ಅವರ ವಿಷಯದಲ್ಲಿ ಎಚ್ಚರಿಸಲೆಂದೋ ತೆಗೆದ ಸಿನಿಮಾದಲ್ಲಿ.

ಮನೋಜ್ ಕುಮಾರರ 'ಪೂರಬ್ ಔರ್ ಪಶ್ಚಿಮ್' (1970) ಚಿತ್ರದಲ್ಲಿ ಸಾಯಿರಾ ಬಾನು ಹೊಂಬಣ್ಣದ ಕೂದಲಿನೊಡನೆ ಲಂಡನ್ನಿನಲ್ಲಿ ಸಿಗರೇಟು ಸೇದುತ್ತಾಳೆ. ಭಾರತವನ್ನು ಕಂಡ ಮೇಲೆ ತಿದ್ದಿಕೊಳ್ಳುತ್ತಾಳೆ. ನೋಡುವವರಿಗೆ ನಗುವೂ ಸಿಕ್ಕಿತು, ನೀತಿಯೂ ಸಿಕ್ಕಿತು. ಮರುವರ್ಷ ದೇವಾನಂದರ 'ಹರೇ ರಾಮ ಹರೇ ಕೃಷ್ಣ' ಬಂದಿತು. ಅದರ ದಮ್ಮು ಹೊಡೆಯುವ ಹಾಡು ಯಾರಿಗೆ ನೆನಪಿಲ್ಲ? ಹಿಪ್ಪಿಗಳನ್ನು ಕಂಡು ಹೇಸಲೆಂದು ಕರೆದ ಚಿತ್ರದಿಂದ ಜನ ಹಾಡನ್ನು ಕಲಿತುಕೊಂಡು ಮನೆಗೆ ಹೋದರು.

ನಮ್ಮ ಚಿಕ್ಕಪ್ಪ ಕೂದಲನ್ನೂ ಕಲಿತು ಬಂದರು. ಚಿತ್ರ ಭದ್ರಾವತಿಗೆ ಬಂದಾಗ ಅವರು ಅಲ್ಲಿ ಪಿ.ಯು.ಸಿ. ಓದುತ್ತಿದ್ದರಂತೆ. ಕೂದಲು ಬಿಟ್ಟರು, ಅಗಲ ಕಾಲಿನ ಪ್ಯಾಂಟು ಹೊಲಿಸಿದರು. ನಮ್ಮ ಅಜ್ಜ ಭದ್ರಾ ಅಣೆಕಟ್ಟಿನ ಕೆಲಸದಲ್ಲಿ ಮೇಸ್ತ್ರಿಯಾಗಿದ್ದು ಇಲ್ಲಿಯೇ ನೆಲೆಸಿದವರು, ಮಾತಿಗಿಂತ ಕೈ ಮುಂದು. ಒಂದು ಭಾನುವಾರ ಕ್ಷೌರಿಕನನ್ನು ಜಗಲಿಗೇ ಕರೆಸಿದರು. ಬೀದಿಯವರೆಲ್ಲ ನಿಂತು ನೋಡಿ ನಕ್ಕರು. ಮರುದಿನ ಮೊದಲ ಬಸ್ಸಿಗೆ ಚಿಕ್ಕಪ್ಪ ಊರು ಬಿಟ್ಟರು. ಅದು 1974. ಹಿಂದಿರುಗಿದ್ದು ಐದು ವರ್ಷದ ಮೇಲೆ, ಬೊಂಬಾಯಿಯ ಹೋಟೆಲೊಂದರಲ್ಲಿ ಲೆಕ್ಕ ಬರೆದು, ಕೂದಲನ್ನು ಒಪ್ಪವಾಗಿ ಕತ್ತರಿಸಿಕೊಂಡು. ಅಷ್ಟರಲ್ಲಿ ಅಜ್ಜಿ ತೀರಿಕೊಂಡಿದ್ದರು.

ಈ ಕಥೆಯಿಂದ ಅಜ್ಜಿಯ ಸಾವನ್ನು ಬಿಟ್ಟು, ಉಳಿದುದನ್ನು ನಮ್ಮ ಮನೆಯಲ್ಲಿ ಪ್ರತಿ ಗೌರಿಹಬ್ಬಕ್ಕೂ ಹೇಳಿ ನಗುವುದು ವಾಡಿಕೆ. ನಾನೂ ನಕ್ಕವನೇ.

ಅಂದು ಸಂಜೆ ಮಗನ ಜ್ಞಾನಾರ್ಜನೆಗೆಂದು ಟಿ.ವಿ.ಯಲ್ಲಿ ಆ ಚಿತ್ರವನ್ನೇ ಹಾಕಿದೆವು. ನಮ್ಮ ತಂದೆಯವರು ಹಾಡಿಗೆ ಕಾಯುತ್ತಿದ್ದರು. ನಾನು ಮಾತ್ರ ಮೊದಲ ಬಾರಿಗೆ ಚಿತ್ರದ ಆರಂಭವನ್ನು ಗಮನವಿಟ್ಟು ನೋಡಿದೆ. ಗಂಡಹೆಂಡಿರ ಜಗಳ, ಮನೆ ಒಡೆಯುತ್ತದೆ, ಮಗ ತಾಯಿಯ ಪಾಲು, ಮಗಳು ತಂದೆಯ ಪಾಲು. ಅಮ್ಮನೂ ಅಣ್ಣನೂ ಸತ್ತರೆಂದು ಆ ಮಗುವಿಗೆ ಸುಳ್ಳು ಹೇಳುತ್ತಾರೆ. ಅವಳು ಕಠ್ಮಂಡುವಿನ ಹೊಗೆಯಲ್ಲಿ ಕುಳಿತದ್ದು ಆಮೇಲೆ. ಕಾರಣವನ್ನು ದೇವಾನಂದರು ತೆರೆಯ ಮೇಲೆಯೇ ಇಟ್ಟಿದ್ದರು. ನಾವು ಹಾಡನ್ನಷ್ಟೇ ಇಟ್ಟುಕೊಂಡೆವು.

ಅದೇ 1971ರಲ್ಲಿ ಮಿಲೋಶ್ ಫೋರ್ಮನ್ ಎಂಬ ಚೆಕ್ ನಿರ್ದೇಶಕರು ಅಮೆರಿಕದಲ್ಲಿ 'ಟೇಕಿಂಗ್ ಆಫ್' ಎಂಬ ಚಿತ್ರವನ್ನು ತೆಗೆದರು. ಮನೆ ಬಿಟ್ಟುಹೋದ ಮಕ್ಕಳ ತಂದೆತಾಯಂದಿರು ಒಂದು ಸಂಘ ಕಟ್ಟಿಕೊಂಡು, ಮಕ್ಕಳನ್ನು ಅರಿಯುವುದಕ್ಕೆಂದು ತಾವೇ ಶಿಸ್ತಾಗಿ ಸಾಲಾಗಿ ಕುಳಿತು ಗಾಂಜಾ ಸೇದುವುದನ್ನು ಕಲಿಯುತ್ತಾರೆ. ಅಲ್ಲಿ ನಗೆಪಾಟಲಾಗುವವರು ಹಿರಿಯರು. ಅಂಥ ಚಿತ್ರ ಅಂದು ಭದ್ರಾವತಿಗೆ ಬಂದಿದ್ದರೆ ನಮ್ಮ ಅಜ್ಜ ಟಿಕೆಟ್ಟಿನ ಹಣವನ್ನು ಹಿಂದಕ್ಕೆ ಕೇಳುತ್ತಿದ್ದರೇನೋ!

ಹಾಡು ಬಂದಿತು. ತಂದೆಯವರು ನಗುತ್ತ ತಮ್ಮನ ಕಡೆ ತಿರುಗಿದರು. ಚಿಕ್ಕಪ್ಪನಿಗೆ ಈಗ ಎಪ್ಪತ್ತು. ತಲೆ ಪೂರಾ ಬೋಳು. ಅವರೂ ವಾಡಿಕೆಯಂತೆ ನಕ್ಕರು. ಆಗ ನನ್ನ ಮಗ ಕೇಳಿದ: "ಚಿಕ್ಕಜ್ಜ, ನೀವು ಯಾಕೆ ಹೋದ್ರಿ? ಬರೀ ಕೂದ್ಲು ಕತ್ತರಿಸಿದ್ದಕ್ಕಾ?"

ಐವತ್ತು ವರ್ಷಗಳಲ್ಲಿ ಇದನ್ನು ಯಾರೂ ಕೇಳಿರಲಿಲ್ಲವೆಂಬುದು ಆ ಕ್ಷಣದ ಮೌನದಲ್ಲೇ ತಿಳಿಯಿತು.

"ಕೂದ್ಲು ಅಲ್ಲ ಮರಿ," ಎಂದರು ಚಿಕ್ಕಪ್ಪ. "ನಾನು ಪರೀಕ್ಷೇಲಿ ಫೇಲಾಗಿದ್ದೆ. ಮನೇಲಿ ಹೇಳೋಕೆ ಧೈರ್ಯ ಇರ್ಲಿಲ್ಲ. ಕೂದ್ಲು ಇರೋವರೆಗೆ ಅಪ್ಪ ಅದಕ್ಕೇ ಬೈತಿದ್ರು, ಮಾರ್ಕ್ಸ್ ಕೇಳ್ತಿರ್ಲಿಲ್ಲ. ಅದೂ ಹೋದ್ಮೇಲೆ ಇನ್ನೇನು ಕೇಳ್ತಾರೋ ಅಂತ ಹೆದರ್ಕೊಂಡು ಹೊರಟುಬಿಟ್ಟೆ."

ತಂದೆಯವರು ಟಿ.ವಿ.ಯ ಸದ್ದನ್ನು ಪೂರ್ತಿ ಇಳಿಸಿದರು. "ನಂಗಾದ್ರೂ ಹೇಳಬಾರದಿತ್ತೇನೋ?" ಎಂದರು. "ನೀನೂ ನಗ್ತಿದ್ದೆಯಲ್ಲಣ್ಣ," ಎಂದರು ಚಿಕ್ಕಪ್ಪ, ಮೆಲ್ಲಗೆ.

ನಮ್ಮೂರಿನ ಜಲಾಶಯದ ಪೂರ್ಣಮಟ್ಟ 186 ಅಡಿ. ಮಳೆಗಾಲದಲ್ಲಿ ಅಲ್ಲಿಯ ಇಂಜಿನಿಯರುಗಳು ದಿನವೂ ಮಟ್ಟ ನೋಡುತ್ತಾರೆ. ತುಂಬಿತೆಂದರೆ ಗೇಟು ಎತ್ತುತ್ತಾರೆ. ಅಂಥ ಅಣೆಕಟ್ಟಿಗೆ ಬೆವರು ಸುರಿಸಿದ ಮನೆಯವರು ನಾವು. ಮನೆಯೊಳಗಿನ ಮಟ್ಟವನ್ನು ಒಮ್ಮೆಯೂ ನೋಡಲಿಲ್ಲ.

ಮರುದಿನ ಬೆಳಿಗ್ಗೆ ಮಗನನ್ನು ಕರೆದುಕೊಂಡು ಅಣೆಕಟ್ಟಿನ ರಸ್ತೆಯಲ್ಲಿ ತಿರುಗಾಡಲು ಹೋದೆ. ಕೂದಲಿನ ಮಾತೆತ್ತಲಿಲ್ಲ. "ಓದು ಹೇಗಿದೆಯೋ?" ಎಂದೆ. ಬಹಳ ದೂರ ಸುಮ್ಮನೆ ನಡೆದು, "ಜೂನ್‌ನಿಂದ ಫಿಸಿಕ್ಸು ಒಂದಕ್ಷರಾನೂ ತಲೆಗೆ ಹತ್ತುತ್ತಿಲ್ಲಪ್ಪ," ಎಂದ.

ಬೈಯುವುದಕ್ಕೆ ಬಾಯಿ ತೆರೆದದ್ದು ನಿಜ. ಮುಚ್ಚಿಕೊಂಡದ್ದೂ ನಿಜ. ಈಗ ಅವನಿಗೆ ಪಾಠ ಹೇಳಲು ನೆರೆಮನೆಯ ಮೇಷ್ಟರು ಒಪ್ಪಿದ್ದಾರೆ. ಕೂದಲಿನ ವಿಷಯ ಇನ್ನೂ ಇತ್ಯರ್ಥವಾಗಿಲ್ಲ. ಅದು ಬೆಳೆಯುತ್ತಲೇ ಇದೆ.